ಹಳೇ ಮಾರುತಿಗೆ ಹೊಸ ಜಿಪಿಎಸ್: ವೈರು, ಆಂಟೆನಾ ಮತ್ತು ಮಲೆನಾಡಿನ ದಾರಿ

ನಮ್ಮ ಮನೆಯ ಮಾರುತಿ 800 ಬಂದಿದ್ದು 2006ರಲ್ಲಿ. ಹದಿನೈದು ವರ್ಷ ತುಂಬಿದಾಗ ಆರ್‌ಟಿಒಗೆ ಒಯ್ದು ಎಫ್‌ಸಿ ಮಾಡಿಸಿ ಇನ್ನೈದು ವರ್ಷಕ್ಕೆ ರಿನ್ಯೂವಲ್ ಮಾಡಿಸಿದೆವು. ಇಂಜಿನ್ ಇನ್ನೂ ಗಟ್ಟಿಯಾಗಿದೆ, ಮಾರೋಣ ಅಂದರೆ ಅಪ್ಪ ಮುಖ ತಿರುಗಿಸುತ್ತಾರೆ. ಆದರೆ ಒಂದು ಸಂಜೆ ಕೊಟ್ಟಿಗೆಹಾರ ದಾಟಿ ಬಾಳೂರು ಕಡೆಯಿಂದ ಕಳಸಕ್ಕೆ ಹೋಗುವಾಗ, ಮಡದಿಯ ತೊಡೆಯ ಮೇಲಿದ್ದ ಫೋನಿನಲ್ಲಿ ನಕ್ಷೆ ಬೂದುಬಣ್ಣದ ಚೌಕವಾಯಿತು. ಸಿಕ್ಕ ಕವಲಿಗೆ ತಿರುಗಿಸಿದೆ. ದಾರಿ ಹೋಗಿ ನಿಂತಿದ್ದು ಒಂದು ಎಸ್ಟೇಟಿನ ಕಬ್ಬಿಣದ ಗೇಟಿನ ಮುಂದೆ. ಗೇಟಿನಾಚೆ ಎರಡು ನಾಯಿ, ಈಚೆ ರಿವರ್ಸ್ ತೆಗೆಯಲೂ ಜಾಗವಿಲ್ಲದ ನಾವು. ಅವತ್ತೇ ತೀರ್ಮಾನ ಮಾಡಿದ್ದು, ಈ ಗಾಡಿಗೊಂದು ನೆಟ್ಟಗಿನ ಜಿಪಿಎಸ್ ಕೂರಿಸಬೇಕು ಅಂತ.

ಕೂರಿಸಿದೆ. ಮೊದಲ ಸಲ ಅಂಗಡಿಯವರಿಂದ ಕೂರಿಸಿ ಕೆಟ್ಟೆ, ಎರಡನೇ ಸಲ ನಾನೇ ಬಿಚ್ಚಿ ಕೂರಿಸಿದೆ. ಹಳೇ 800, ಝೆನ್, ಆಲ್ಟೊ, ಸ್ಯಾಂಟ್ರೊ, ಇಂಡಿಕಾ ಇಟ್ಟುಕೊಂಡಿರುವ ಯಾರಿಗಾದರೂ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ನೆಟ್‌ವರ್ಕ್ ಬೇರೆ, ಜಿಪಿಎಸ್ ಬೇರೆ

ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ ಮಾತು: "ಘಾಟಿಯೊಳಗೆ ನೆಟ್‌ವರ್ಕ್ ಇಲ್ಲ, ಜಿಪಿಎಸ್ ಬರಲ್ಲ." ಇದು ಅರ್ಧ ಸತ್ಯವೂ ಅಲ್ಲ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಸಮಯವನ್ನೂ ತಮ್ಮ ಸ್ಥಾನವನ್ನೂ ಸುಮ್ಮನೆ ಸಾರುತ್ತಲೇ ಇರುತ್ತವೆ. ನಮ್ಮ ಯಂತ್ರ ಅದನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ಏನನ್ನೂ ತಿರುಗಿ ಕಳಿಸುವುದಿಲ್ಲ. ನಾಲ್ಕು ಉಪಗ್ರಹ ಸ್ಪಷ್ಟವಾಗಿ ಕೇಳಿದರೆ ಸಾಕು, ನಾವಿರುವ ಜಾಗ ಲೆಕ್ಕಕ್ಕೆ ಸಿಗುತ್ತದೆ. ಇದಕ್ಕೆ ಸಿಮ್ ಬೇಡ, ಟವರ್ ಬೇಡ.

ಚಾರ್ಮಾಡಿಯಲ್ಲಿ ಮಾಯವಾಗುವುದು ನಕ್ಷೆ. ಅದು ಇಂಟರ್ನೆಟ್ಟಿನಿಂದ ತುಂಡು ತುಂಡಾಗಿ ಬರುವಂಥದ್ದು. ನೀಲಿ ಚುಕ್ಕೆ ಸರಿಯಾದ ಜಾಗದಲ್ಲೇ ಇರುತ್ತದೆ, ಅದರ ಅಡಿಯಲ್ಲಿ ನೆಲವೇ ಇರುವುದಿಲ್ಲ. ಅಂದಮೇಲೆ ನಾವು ಮಾಡಬೇಕಾದ್ದು ಎರಡೇ ಕೆಲಸ: ಆಕಾಶ ಚೆನ್ನಾಗಿ ಕಾಣುವ ಆಂಟೆನಾ, ಗಾಡಿಯೊಳಗೇ ಇಳಿಸಿಟ್ಟ ನಕ್ಷೆ. ಪರದೆ ಎಷ್ಟು ಇಂಚು ಎಂಬುದು ಆಮೇಲಿನ ಮಾತು. ಅಂಗಡಿಗೆ ಹೋದರೆ ಮೊದಲು ತೋರಿಸುವುದೇ ಇಂಚು.

ಹಾಸನದವರಿಗೆ ಇದರಲ್ಲಿ ಸ್ವಲ್ಪ ಹೆಮ್ಮೆಪಡಲೂ ಕಾರಣವಿದೆ. ಸಾಲಗಾಮೆ ರಸ್ತೆಯಲ್ಲಿ ಹೋಗುವಾಗ ಕಾಣುವ ಆ ದೊಡ್ಡ ಡಿಶ್‌ಗಳು ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯವು, ನಮ್ಮ ಬಾಯಲ್ಲಿ ಎಂಸಿಎಫ್. 1982ರಿಂದ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಹಿಡಿದಿಟ್ಟಿರುವುದು ಇಲ್ಲಿಂದ. ಭಾರತದ್ದೇ ಆದ ನಾವಿಕ್ ವ್ಯವಸ್ಥೆಯ ಉಪಗ್ರಹಗಳ ನಿಗಾ ಕೂಡ ಇಲ್ಲಿನದು. ದಾರಿ ತೋರಿಸಲು ಬೇಕಾದ ಸಮಯದ ಲೆಕ್ಕವನ್ನು ಬೆಂಗಳೂರಿನ ಹೊರಗಿನ ಬ್ಯಾಲಾಳು ಕೇಂದ್ರ ನೋಡಿಕೊಳ್ಳುತ್ತದೆ. ಹಾಗಂತ ಪೆಟ್ಟಿಗೆಯ ಮೇಲೆ 'ನಾವಿಕ್' ಎಂದು ಬರೆದಿದೆ ಅಂತ ಹೆಚ್ಚು ದುಡ್ಡು ಕೊಡಬೇಡಿ. 2013ರಲ್ಲಿ ಹಾರಿಸಿದ ಮೊದಲ ಉಪಗ್ರಹದ ಮೂರೂ ಅಣುಗಡಿಯಾರ ಕೆಟ್ಟಿದ್ದವು. ಜೊತೆಗೆ ಹಳೆಯ ನಾವಿಕ್ ಉಪಗ್ರಹಗಳ ತರಂಗವನ್ನು ಹಿಡಿಯಲು ಬೇರೆಯೇ ಚಿಪ್ ಬೇಕಿತ್ತು. ಎಲ್ಲರ ಜಿಪಿಎಸ್ ಬಳಸುವ ಎಲ್1 ತರಂಗವನ್ನೂ ಕೊಡುವ ಮೊದಲ ನಾವಿಕ್ ಉಪಗ್ರಹ, ಎನ್‌ವಿಎಸ್-01, ಹಾರಿದ್ದು 2023ರ ಮೇ ತಿಂಗಳಲ್ಲಿ. ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್ ಅಥವಾ ಯುರೋಪಿನ ಗೆಲಿಲಿಯೋ ಕೂಡ ಹಿಡಿಯುವ ಯಂತ್ರವಾದರೆ ನಮಗೆ ಧಾರಾಳ. ಕಾಡಿನೊಳಗೆ ಉಪಗ್ರಹದ ಸಂಖ್ಯೆ ಹೆಚ್ಚಿದ್ದಷ್ಟೂ ಒಳ್ಳೆಯದು.

ಯಾವುದನ್ನು ಕೊಳ್ಳುವುದು

ಅತಿ ಅಗ್ಗದ ದಾರಿ ಫೋನು, ಒಂದು ಗಟ್ಟಿ ಸ್ಟ್ಯಾಂಡು, ಒಂದು ಒಳ್ಳೆ ಚಾರ್ಜರು. ತಿಂಗಳಿಗೊಮ್ಮೆ ಮಾತ್ರ ದೂರ ಹೋಗುವವರಿಗೆ ಇಷ್ಟೇ ಸಾಕು, ಮುಂದಿನದನ್ನು ಓದುವ ಅಗತ್ಯವೂ ಇಲ್ಲ, ನಕ್ಷೆಯ ಭಾಗಕ್ಕೆ ಹಾರಿ. ತೊಂದರೆ ಬರುವುದು ಅರಸೀಕೆರೆ ಕಡೆಯ ಬಯಲಿನಲ್ಲಿ: ಮಧ್ಯಾಹ್ನದ ಬಿಸಿಲು ಗಾಜಿನ ಮೇಲೆ ಬಿದ್ದಾಗ, ಚಾರ್ಜ್ ಆಗುತ್ತಾ ನಕ್ಷೆಯನ್ನೂ ಓಡಿಸುವ ಫೋನು ಕಾದು ಕೈಕೊಡುತ್ತದೆ. ಎಸಿ ಕಿಂಡಿಗೆ ಸಿಕ್ಕಿಸುವ ಸ್ಟ್ಯಾಂಡ್ ಆದರೆ ಅದಕ್ಕೂ ತಂಪು, ನಮಗೂ ತಂಪು. ಎಸಿಯೇ ಇಲ್ಲದ ಗಾಡಿಯಾದರೆ ಕಿಂಡಿಯ ಗಾಳಿಯಾದರೂ ಇದೆ.

ಎರಡನೆಯದು ಆಂಡ್ರಾಯ್ಡ್ ಆಟೋ ಬರುವ ಸ್ಟೀರಿಯೋ. ಇದರಲ್ಲಿ ನಕ್ಷೆ ಓಡುವುದು ಫೋನಿನಲ್ಲೇ, ಸ್ಟೀರಿಯೋದ ಪರದೆ ಬರೀ ಕನ್ನಡಿ. ಕೆಲಸ ಸಲೀಸು, ಫೋನು ಹೊಸದಾದಂತೆ ಎಲ್ಲವೂ ಹೊಸದಾಗುತ್ತದೆ. ಮೂರನೆಯದು ಪೂರ್ತಿ ಆಂಡ್ರಾಯ್ಡ್ ಸ್ಟೀರಿಯೋ. ಅದರೊಳಗೇ ಜಿಪಿಎಸ್, ಹೊರಗೆ ತಂತಿ ಎಳೆದು ಇಡುವ ಆಂಟೆನಾ, ಫೋನಿಲ್ಲದೆಯೂ ದಾರಿ ತೋರಿಸುತ್ತದೆ. ನಾನು ಆರಿಸಿಕೊಂಡಿದ್ದು ಮೂರನೆಯದು, ಕಾರಣ ಅಪ್ಪ. ಅವರ ಬಳಿ ಇರುವುದು ಗುಂಡಿ ಒತ್ತುವ ಫೋನು. 2 ಜಿಬಿ ರ‍್ಯಾಮ್‌ನದ್ದು ತಗೊಂಡರೆ ತಿರುವು ದಾಟಿದ ಮೇಲೆ 'ಎಡಕ್ಕೆ ತಿರುಗಿ' ಅನ್ನುತ್ತದೆ, 4 ಜಿಬಿಗಿಂತ ಕಡಿಮೆ ಬೇಡ. ಪೆಟ್ಟಿಗೆಯ ಮೇಲೆ ಬರೆದದ್ದನ್ನೂ ನಂಬಬೇಡಿ. ಅಂಗಡಿಯಲ್ಲೇ ಕರೆಂಟು ಕೊಡಿಸಿ, ನಕ್ಷೆ ತೆರೆದು, ಎರಡು ಬೆರಳಲ್ಲಿ ಹಿಗ್ಗಿಸಿ ಕುಗ್ಗಿಸಿ ನೋಡಿ.

ಹಳೇ ಕಾಲದ ಗಾಜಿಗೆ ಅಂಟಿಸುವ ನ್ಯಾವಿಗೇಟರ್ ಪೆಟ್ಟಿಗೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಕ್ಕರೆ ಆಸೆಪಡಬೇಡಿ. ಅದರ ನಕ್ಷೆಯಲ್ಲಿ ಹಾಸನದ ಬೈಪಾಸೇ ಇರಲಿಕ್ಕಿಲ್ಲ.

ಗೂಡಿನ ಅಳತೆ

ಸ್ಟೀರಿಯೋ ಕೂರುವ ಗೂಡಿಗೆ ಎರಡು ಅಳತೆ. ಒಂದು ಡಿನ್ ಅಂದರೆ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಎರಡು ಡಿನ್ ಅಂದರೆ ಅಷ್ಟೇ ಅಗಲ, ಎತ್ತರ 100. ನಮ್ಮ 800ರಲ್ಲಿರುವುದು ಒಂದೇ ಡಿನ್. ಕೆಲವರು ಡ್ಯಾಶ್‌ಬೋರ್ಡನ್ನೇ ಬ್ಲೇಡ್ ಹಾಕಿ ಕೊಯ್ದು ಎರಡು ಡಿನ್ ಮಾಡಿಕೊಡುತ್ತಾರೆ. ಬೇಡವೇ ಬೇಡ. ಇಪ್ಪತ್ತು ವರ್ಷದ ಪ್ಲಾಸ್ಟಿಕ್ ಹಪ್ಪಳದಂತೆ ಇರುತ್ತದೆ, ಕೊಯ್ದ ಕಡೆಯಿಂದ ಬಿರುಕು ಬಿಟ್ಟು ಗುಂಡಿ ಬಂದಾಗೆಲ್ಲ ಕಿರಕಿರ ಅನ್ನಲು ಶುರುವಾಗುತ್ತದೆ. ಒಂದು ಡಿನ್ ಮೈ ಇದ್ದು, ಪರದೆ ಮಾತ್ರ ಹೊರಗೆ ತೇಲುವಂತೆ ನಿಲ್ಲುವ ಮಾದರಿಗಳು ಸಿಗುತ್ತವೆ.

ಕೊಳ್ಳುವ ಮುನ್ನ ರಟ್ಟಿನ ಆಟ ಆಡಿ. ಮದುವೆ ಆಮಂತ್ರಣದ ದಪ್ಪ ರಟ್ಟನ್ನು ಪರದೆಯ ಅಳತೆಗೆ ಕತ್ತರಿಸಿ, ಗೂಡಿನ ಮುಂದೆ ಸೆಲ್ಲೋಟೇಪಿನಲ್ಲಿ ಅಂಟಿಸಿ ಒಂದು ದಿನ ಗಾಡಿ ಓಡಿಸಿ. ನಾನು 9 ಇಂಚಿನ ರಟ್ಟು ಅಂಟಿಸಿದಾಗ ಗಾಳಿ ಕಿಂಡಿ ಅರ್ಧ ಮುಚ್ಚಿತು, ಗೇರು ಹಾಕುವಾಗ ಬೆರಳ ಗೆಣ್ಣು ತಾಗಿತು. 7 ಇಂಚಿಗೆ ಇಳಿದೆ. ಗೂಡಿನ ಆಳವನ್ನೂ ಸ್ಕೇಲ್ ತೂರಿಸಿ ನೋಡಿಕೊಳ್ಳಿ. ಸ್ಟೀರಿಯೋದ ಬೆನ್ನಿನಿಂದ ಹೊರಡುವ ವೈರಿನ ಗಂಟಿಗೂ ಮೂರ್ನಾಲ್ಕು ಬೆರಳಿನ ಜಾಗ ಬೇಕು.

ವೈರಿಂಗ್: ಕೆಡುವುದೂ ಇಲ್ಲೇ, ಉಳಿಯುವುದೂ ಇಲ್ಲೇ

ಮೊದಲ ಸಲ ಏನಾಯಿತು ಹೇಳುತ್ತೇನೆ. ಅಂಗಡಿಯ ಹುಡುಗ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿದ್ದ. "ಸಾರ್, ಕೀ ಇಲ್ದೇನೂ ಹಾಡು ಕೇಳ್ಬೋದು ಸಾರ್, ಹಂಗೆ ಮಾಡ್ಕೊಟ್ಟಿದೀನಿ" ಅಂದ. ನನಗೂ ಖುಷಿಯಾಯಿತು. ಜುಲೈನಲ್ಲಿ ಕಳಸದ ಚಿಕ್ಕಪ್ಪನ ಮನೆಗೆ ಹೋಗಿ, ಮಳೆ ಹಿಡಿದು, ಗಾಡಿ ಐದು ದಿನ ಕೊಟ್ಟಿಗೆ ಪಕ್ಕ ನಿಂತಿತು. ಆರನೇ ದಿನ ಕೀ ತಿರುಗಿಸಿದರೆ 'ಟಿಕ್' ಅನ್ನುವ ಸದ್ದೂ ಇಲ್ಲ. ಚಿಕ್ಕಪ್ಪ, ತೋಟದ ಇಬ್ಬರು ಸೇರಿ ಇಳಿಜಾರಿಗೆ ತಳ್ಳಿ, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡಿಸಿದರು. "ಏನಪ್ಪಾ, ಟೀವಿ ಹಾಕ್ಸಿದೀಯ ಅಂತೆ, ಗಾಡಿ ಮಾತ್ರ ನಾವೇ ತಳ್ಳಬೇಕು" ಎಂದು ಚಿಕ್ಕಪ್ಪ ಅಂದದ್ದು ಇವತ್ತಿಗೂ ಮದುವೆ ಮನೆಗಳಲ್ಲಿ ಕೇಳಿಬರುತ್ತದೆ.

ಆಗಿದ್ದೇನೆಂದರೆ, ಸ್ಟೀರಿಯೋಗೆ ಎರಡು ಕಡೆಯಿಂದ 12 ವೋಲ್ಟ್ ಬೇಕು. ಹಳದಿ ವೈರಿಗೆ ಸದಾಕಾಲ, ಗಡಿಯಾರ ಮತ್ತು ನೆನಪು ಉಳಿಯಲು. ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ, 'ಏಳು' ಎಂದು ಹೇಳಲು. ಹುಡುಗ ಎರಡನ್ನೂ ಒಟ್ಟಿಗೆ ತಿರುಚಿ ಸದಾಕಾಲದ ಕರೆಂಟಿಗೆ ಕೊಟ್ಟಿದ್ದ. ಪರದೆ ಕಪ್ಪಗೆ ಕಂಡರೂ ಒಳಗೆ ಯಂತ್ರ ನಿದ್ದೆಯೇ ಮಾಡುತ್ತಿರಲಿಲ್ಲ. 800ರ ಬ್ಯಾಟರಿ 35 ಆಂಪಿಯರ್-ಅವರ್‌ನದ್ದು. ನಿದ್ದೆಯಲ್ಲಿ 50 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 1.2, ಹದಿನೈದು ದಿನಕ್ಕೆ 18 ಆಂಪಿಯರ್-ಅವರ್, ಅಂದರೆ ಅರ್ಧಕ್ಕಿಂತ ಹೆಚ್ಚು ಖಾಲಿ. ಎಚ್ಚರವಿದ್ದೇ ಎಳೆದರೆ ಕೇಳುವುದೇ ಬೇಡ.

ಹಾಗಾಗಿ ಒಂದು ಮಲ್ಟಿಮೀಟರ್ ಕೊಳ್ಳಿ. ಐನೂರು ರೂಪಾಯಿ ಒಳಗಿನದ್ದೇ ಸಾಕು. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಮೊದಲು 10 ನಂಬರ್ ಸ್ಪ್ಯಾನರ್ ತಗೊಂಡು ಬ್ಯಾಟರಿಯ ಮೈನಸ್ ಕಡೆಯ ಟರ್ಮಿನಲ್ ಬಿಚ್ಚಿ. ಪ್ಲಸ್ ಅಲ್ಲ, ಮೈನಸ್. ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಹಳೇ ಟೇಪ್‌ರೆಕಾರ್ಡರನ್ನು ಹೊರಗೆಳೆದು ಹಿಂದಿನ ಕಪ್ಲರ್, ಅಂದರೆ ವೈರುಗಳನ್ನೆಲ್ಲ ಒಟ್ಟಿಗೆ ಸಿಕ್ಕಿಸುವ ಪ್ಲಗ್ಗು, ನೋಡಿ. ಕಂಪನಿಯ ಕಪ್ಲರ್ ಇನ್ನೂ ಉಳಿದಿದ್ದರೆ ನೀವು ಅದೃಷ್ಟವಂತರು, ನಿಮ್ಮ ಗಾಡಿಗೆ ಹೊಂದುವ ಅಡಾಪ್ಟರ್ ಕಪ್ಲರ್ ತಂದು ಸಿಕ್ಕಿಸಿದರಾಯಿತು, ಒಂದು ವೈರನ್ನೂ ಕತ್ತರಿಸಬೇಕಿಲ್ಲ. ಆದರೆ ಹಳೇ ಗಾಡಿಗಳಲ್ಲಿ ಹಿಂದೆ ಒಂದರ ಮೇಲೊಂದು ಸ್ಟೀರಿಯೋ ಕೂರಿಸಿದವರು ಕಪ್ಲರ್ ಕತ್ತರಿಸಿ ಬಿಸಾಡಿ, ಜಿಗುಟು ಟೇಪು ಸುತ್ತಿದ ಕಾಳಸರ್ಪವೊಂದನ್ನು ಬಿಟ್ಟು ಹೋಗಿರುತ್ತಾರೆ. ನನಗೆ ಸಿಕ್ಕಿದ್ದು ಅದೇ.

ಆಗ ಗಾಡಿ ಕಡೆಯ ವೈರಿನ ಬಣ್ಣ ನಂಬಬಾರದು. ಹಳದಿ ಸದಾಕಾಲ, ಕೆಂಪು ಕೀ, ಕಪ್ಪು ಅರ್ತ್ ಅನ್ನುವುದು ಸ್ಟೀರಿಯೋ ಕಡೆಯ ರೂಢಿ. ಗಾಡಿ ಕಡೆಯ ಬಣ್ಣ ಕಂಪನಿಗೊಂದು ತರಹ. ಒಂದೊಂದು ತುದಿಯನ್ನೂ ಬೇರ್ಪಡಿಸಿ, ಒಂದಕ್ಕೊಂದು ತಾಗದಂತೆ ಹರಡಿ, ಬ್ಯಾಟರಿ ಮತ್ತೆ ಸೇರಿಸಿ. ಮೀಟರಿನ ಕಪ್ಪು ಕಡ್ಡಿಯನ್ನು ಬಾಡಿಯ ಸ್ವಚ್ಛ ಲೋಹಕ್ಕೆ ಒತ್ತಿ, ಕೆಂಪು ಕಡ್ಡಿಯಿಂದ ಒಂದೊಂದೇ ಮುಟ್ಟಿ. ಕೀ ಇಲ್ಲದೆಯೂ 12 ವೋಲ್ಟ್ ತೋರಿಸುವುದು ಸದಾಕಾಲದ್ದು. ಕೀಯನ್ನು ಮೊದಲ ಹೆಜ್ಜೆಗೆ ತಿರುಗಿಸಿದಾಗ ಬಂದು, ತೆಗೆದಾಗ ಹೋಗುವುದು ಕೆಂಪಿಗೆ ಸೇರಬೇಕಾದ್ದು. ಪಾರ್ಕಿಂಗ್ ಲೈಟ್ ಹಾಕಿದಾಗ ಮಾತ್ರ ಬರುವುದೊಂದು ಸಿಕ್ಕೀತು. ಅದನ್ನು ಸ್ಟೀರಿಯೋದ ಇಲ್ಯುಮಿನೇಷನ್ ವೈರಿಗೆ ಕೊಟ್ಟರೆ ರಾತ್ರಿ ಪರದೆ ತಾನೇ ಮಂದವಾಗುತ್ತದೆ. ಘಾಟಿಯ ಕತ್ತಲೆಯಲ್ಲಿ ಈ ಒಂದು ವೈರಿನ ಬೆಲೆ ಗೊತ್ತಾಗುತ್ತದೆ. ಎಲ್ಲಕ್ಕೂ ಚೀಟಿ ಅಂಟಿಸಿ. ಮತ್ತೆ ಮೈನಸ್ ಬಿಚ್ಚಿ.

ಸ್ಪೀಕರ್ ವೈರು ಗುರುತಿಸಲು ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ ಸಾಕು. ಎರಡು ತುದಿಗೆ ಒಂದು ಕ್ಷಣ ತಾಗಿಸಿದರೆ ಆ ಸ್ಪೀಕರ್ 'ಟಪ್' ಅನ್ನುತ್ತದೆ. ಇಲ್ಲೊಂದು ಹಳ್ಳವಿದೆ: ಕೆಲವು ಹಳೇ ವೈರಿಂಗ್‌ನಲ್ಲಿ ಸ್ಪೀಕರಿನ ಮೈನಸ್ಸನ್ನು ಬಾಡಿಗೇ ಅರ್ತ್ ಮಾಡಿರುತ್ತಾರೆ. ಈಗಿನ ಸ್ಟೀರಿಯೋಗಳಿಗೆ ಅದು ಆಗಿಬರುವುದಿಲ್ಲ, ಒಳಗಿನ ಆಂಪ್ಲಿಫಯರ್ ಸುಟ್ಟೀತು. ಪ್ರತಿ ಸ್ಪೀಕರಿಗೂ ಎರಡೆರಡು ಸ್ವಂತ ವೈರು ಹೋಗಿದೆಯೇ ನೋಡಿ, ಇಲ್ಲದಿದ್ದರೆ ಹೊಸದಾಗಿ ಎಳೆಯಿರಿ.

ಜೋಡಣೆಯ ವಿಷಯಕ್ಕೆ ಬಂದರೆ ನಾನು ಹಟಮಾರಿ. ತಿರುಚಿ ಟೇಪು ಸುತ್ತಿದ ಜಾಯಿಂಟು ಬಯಲುಸೀಮೆಯಲ್ಲಿ ಹೇಗೋ ನಡೆದೀತು. ಮೂಡಿಗೆರೆ, ಸಕಲೇಶಪುರದ ಮಳೆಗಾಲದಲ್ಲಿ ಮೂರು ತಿಂಗಳು ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ತಾಮ್ರದ ಎಳೆ ಹಸಿರಾಗದೆ ಇರುತ್ತದೆಯೇ? ಬೆಸುಗೆ ಹಾಕಿ ಮೇಲೆ, ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ, ಇಲ್ಲವೇ ಒಳ್ಳೆ ಕ್ರಿಂಪಿಂಗ್ ಕನೆಕ್ಟರ್ ಒತ್ತಿ. ಬೆಸುಗೆ ಹಾಕುವ ಮುನ್ನ ಸ್ಲೀವನ್ನು ವೈರಿಗೆ ತೂರಿಸಿಕೊಳ್ಳಿ. ಬೆಸುಗೆ ಆದಮೇಲೆ ನೆನಪಾಗುವವರಲ್ಲಿ ನಾನೂ ಒಬ್ಬ, ಮೂರು ಸಲ. ಹಳದಿ ವೈರಿನ ದಾರಿಯಲ್ಲಿ ಫ್ಯೂಸ್ ಇರಲೇಬೇಕು. ಸ್ಟೀರಿಯೋ ಜೊತೆಗೆ ಬಂದ ವೈರಿನಲ್ಲಿ 10 ಅಥವಾ 15 ಆಂಪಿಯರಿನ ಫ್ಯೂಸ್ ಗೂಡು ಇರುತ್ತದೆ. ಅದನ್ನು ಕತ್ತರಿಸಿ ಉದ್ದ ಕಡಿಮೆ ಮಾಡುವ ಚಾಳಿ ಕೆಲವರಿಗಿದೆ, ಹಾಗೆ ಮಾಡಲು ಬಿಡಬೇಡಿ. ಅರ್ತ್ ಅನ್ನು ಸಿಕ್ಕ ತಗಡಿಗೆ ಸ್ಕ್ರೂ ಹೊಡೆದು ಕೊಡುವುದಕ್ಕಿಂತ ಗಾಡಿಯ ಮೂಲ ಅರ್ತ್ ವೈರಿಗೇ ಸೇರಿಸಿ. ಹೊಸ ತೂತು ಹೊಡೆದರೆ ಅದೇ ತುಕ್ಕಿನ ಮೊದಲ ಮನೆ.

ಎಲ್ಲ ಆದಮೇಲೆ ಕೊನೆಯ ಅಳತೆ. ಕೀ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿಯ ಮೈನಸ್ ಟರ್ಮಿನಲ್‌ಗೂ ಅದರ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಸೇರಿಸಿ ಇಪ್ಪತ್ತು ನಿಮಿಷ ಬಿಡಿ. ಈ ಹೊತ್ತಿನಲ್ಲಿ ಯಾರೂ ಕೀ ತಿರುಗಿಸದಂತೆ ನೋಡಿಕೊಳ್ಳಿ, ಮೀಟರಿನ ಫ್ಯೂಸ್ ಹಾರುತ್ತದೆ. ಎರಡನೇ ಸಲ ನನ್ನದು 20 ಮಿಲಿಆಂಪಿಯರಿಗೆ ಇಳಿದು ನಿಂತಿತು. 50 ದಾಟಿದರೆ ಕೆಂಪು ವೈರನ್ನು ಮತ್ತೆ ಹುಡುಕಿ.

ಆಂಟೆನಾಕ್ಕೆ ಆಕಾಶ ಕಾಣಬೇಕು

ಬೆಂಕಿಪೊಟ್ಟಣದಷ್ಟೇ ಇರುವ ಕಪ್ಪು ಡಬ್ಬಿ, ಅಡಿಯಲ್ಲಿ ಅಯಸ್ಕಾಂತ, ಮೂರು ಮೀಟರ್ ತಂತಿ. ಎಲ್ಲರೂ ಅಸಡ್ಡೆ ಮಾಡುವುದು ಇದನ್ನೇ. ಮೊದಲ ಸಲ ನಮ್ಮ ಗಾಡಿಯಲ್ಲಿ ಇದನ್ನು ಸ್ಟೀರಿಯೋದ ತಗಡಿನ ಬೆನ್ನಿಗೇ ಅಂಟಿಸಿ ಡ್ಯಾಶ್‌ಬೋರ್ಡಿನೊಳಗೆ ತುರುಕಿದ್ದರು. ಹಾಸನದ ಬಿ.ಎಂ. ರಸ್ತೆಯಲ್ಲೇನೋ ನಡೆಯಿತು. ಸಕಲೇಶಪುರ ದಾಟಿ ಮರಗಳ ಕೆಳಗೆ ಹೊಕ್ಕ ಕೂಡಲೇ ಗಾಡಿ ರಸ್ತೆ ಬಿಟ್ಟು ಕಾಫಿ ಗಿಡಗಳ ನಡುವೆ ಓಡಾಡತೊಡಗಿತು, ಪರದೆಯಲ್ಲಿ.

ಉಪಗ್ರಹದ ತರಂಗ ನೆಲಕ್ಕೆ ತಲುಪುವ ಹೊತ್ತಿಗೆ ತೀರಾ ಕ್ಷೀಣವಾಗಿರುತ್ತದೆ. ಗಾಜು, ಪ್ಲಾಸ್ಟಿಕ್ ಅದಕ್ಕೆ ಅಡ್ಡಿಯಲ್ಲ. ತಗಡು ಪೂರ್ತಿ ಅಡ್ಡಿ, ನೀರು ತುಂಬಿದ ಎಲೆ ಸಾಕಷ್ಟು ಅಡ್ಡಿ. ಸಿಲ್ವರ್ ಓಕ್ ಸಾಲಿನ ಕೆಳಗೆ, ಜೋರು ಮಳೆಯಲ್ಲಿ, ಒಂದು ಪಕ್ಕ ಗುಡ್ಡವೂ ಇದ್ದರೆ ಅರ್ಧ ಆಕಾಶವೇ ಮುಚ್ಚಿದಂತೆ. ಗುಡ್ಡಕ್ಕೆ ಬಡಿದು ಬಂದ ತರಂಗ ಸುತ್ತುಬಳಸಿ ತಡವಾಗಿ ಬರುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಡವಾದರೂ 300 ಮೀಟರ್ ವ್ಯತ್ಯಾಸ. ಕಂಪನಿಯಿಂದಲೇ ನ್ಯಾವಿಗೇಷನ್ ಬರುವ ಹಲವು ಕಾರುಗಳಲ್ಲಿ ಚಕ್ರ ಎಷ್ಟು ಉರುಳಿತು ಅನ್ನುವ ಲೆಕ್ಕವನ್ನೂ ಬೆರೆಸಿ ಇದನ್ನು ಸರಿದೂಗಿಸುತ್ತಾರೆ. ನಾವು ಹೊರಗಿನಿಂದ ಕೂರಿಸಿದ್ದಕ್ಕೆ ಆ ಅನುಕೂಲವಿಲ್ಲ, ಅದು ಆಂಟೆನಾ ಒಂದನ್ನೇ ನೆಚ್ಚಿದೆ.

ಡ್ಯಾಶ್‌ಬೋರ್ಡಿನ ಮೇಲೆ, ಮುಂದಿನ ಗಾಜಿಗೆ ಆದಷ್ಟು ಹತ್ತಿರ, ಎಡ ಮೂಲೆಯಲ್ಲಿ ಇಡಿ. ಅಯಸ್ಕಾಂತ ಕೆಳಗೆ, ಬೋಳು ಮುಖ ಆಕಾಶಕ್ಕೆ. ಅಡಿಯಲ್ಲಿ ಮೂರಂಗುಲ ಚೌಕದ ಕಬ್ಬಿಣದ ತಗಡೊಂದನ್ನು ಎರಡು ಕಡೆ ಅಂಟುವ ಟೇಪಿನಿಂದ ಕೂರಿಸಿ ಅದರ ಮೇಲಿಟ್ಟರೆ ಇನ್ನೂ ಉತ್ತಮ: ಮೇಲೆ ತಗಡು ಶತ್ರು, ಕೆಳಗೆ ತಗಡು ಮಿತ್ರ. ತಂತಿಯನ್ನು ಗಾಜಿನ ಪಕ್ಕದ ಬೀಡಿಂಗ್‌ನೊಳಗೆ ಇಳಿಸಿ, ವೈಪರ್ ಮೋಟರಿನಿಂದ ದೂರವಿರಲಿ, ಹೆಚ್ಚಾದದ್ದನ್ನು ಅಗಲವಾಗಿ ಸುತ್ತಿಡಿ. ಆಂಟೆನಾಕ್ಕೆ ಕರೆಂಟು ಹೋಗುವುದೂ ಅದೇ ತಂತಿಯಲ್ಲಿ, ಕತ್ತರಿಸಿ ಜೋಡಿಸುವ ಯೋಚನೆ ಬೇಡ. ಗಾಜಿಗೆ ಲೋಹದ ಪುಡಿ ಬೆರೆತ ಫಿಲ್ಮ್ ಅಂಟಿಸಿದ್ದರೆ ಅದನ್ನು ಕಿತ್ತು ಹಾಕದೆ ಏನು ಮಾಡಿದರೂ ಪ್ರಯೋಜನವಿಲ್ಲ.

ಇನ್ನೊಂದು ಕಾಣದ ಕಳ್ಳ ಇದೆ. ಎಲ್ಲ ಸರಿಯಿದ್ದೂ ನಮ್ಮದರಲ್ಲಿ ಆಗಾಗ ಉಪಗ್ರಹಗಳು ಮಾಯವಾಗುತ್ತಿದ್ದವು. ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಕಂಡಿದ್ದು, ಮಗ ಫೋನ್ ಚಾರ್ಜಿಗೆ ಹಾಕಿದಾಗ ಮಾತ್ರ ಹೀಗಾಗುತ್ತದೆ ಅಂತ. ಬಸ್‌ಸ್ಟ್ಯಾಂಡ್ ಹತ್ತಿರ ಕೊಂಡ ಅಗ್ಗದ ಚಾರ್ಜರ್ ಗದ್ದಲ ಹೊರಸೂಸುತ್ತಿತ್ತು, ಕಿವಿಗೆ ಕೇಳದ ಗದ್ದಲ. ಕಳಪೆ ಡ್ಯಾಶ್‌ಕ್ಯಾಮ್‌ಗಳೂ ಇದನ್ನೇ ಮಾಡುತ್ತವೆ. ಒಂದೊಂದಾಗಿ ಕಿತ್ತು ನೋಡಿ.

ಮೊದಲ ಸಲ ಚಾಲೂ ಮಾಡಿದಾಗ ಅವಸರಪಡಬೇಡಿ. ಫೋನು ಇಂಟರ್ನೆಟ್ಟಿನ ಸಹಾಯದಿಂದ ಕ್ಷಣದಲ್ಲಿ ಜಾಗ ಹಿಡಿಯುತ್ತದೆ, ಸಿಮ್ ಇಲ್ಲದ ಸ್ಟೀರಿಯೋ ಎಲ್ಲವನ್ನೂ ಆಕಾಶದಿಂದಲೇ ಕೇಳಿ ಬರೆದುಕೊಳ್ಳಬೇಕು. ಒಂದೊಂದು ಉಪಗ್ರಹದ ಪಥದ ವಿವರಕ್ಕೆ ಅರ್ಧ ನಿಮಿಷ, ಎಲ್ಲ ಉಪಗ್ರಹಗಳ ಪಂಚಾಂಗಕ್ಕೆ ಹನ್ನೆರಡೂವರೆ ನಿಮಿಷ. ಮರ, ಮಾಡು ಇಲ್ಲದ ಬಯಲಲ್ಲಿ ಗಾಡಿ ನಿಲ್ಲಿಸಿ ಒಂದು ಕಾಫಿ ಕುಡಿದು ಬನ್ನಿ. ಜಿಪಿಎಸ್‌ಟೆಸ್ಟ್ ಎಂಬ ಆ್ಯಪ್ ಹಾಕಿಕೊಂಡರೆ ಯಾವ ಉಪಗ್ರಹ ಎಷ್ಟು ಗಟ್ಟಿಯಾಗಿ ಕೇಳುತ್ತಿದೆ ಎಂದು ಅಂಕಿ ಕಾಣುತ್ತದೆ. ಬಯಲಲ್ಲಿ ಹಲವು ಉಪಗ್ರಹಗಳ ಅಂಕಿ 35–40 ಮುಟ್ಟಬೇಕು. ಎಲ್ಲವೂ 25ರ ಆಸುಪಾಸೇ ಇದ್ದರೆ ಆಂಟೆನಾದ ಜಾಗ ಬದಲಿಸಿ. ಡ್ಯಾಶ್‌ಬೋರ್ಡ್ ಮುಚ್ಚುವ ಮುನ್ನವೇ ಇದನ್ನು ನೋಡಿಕೊಳ್ಳಿ, ಆಮೇಲೆ ಬಿಚ್ಚುವವರು ನೀವೇ.

ನಕ್ಷೆ ಇಳಿಸಿಕೊಳ್ಳುವುದು, ಅದನ್ನು ಎಷ್ಟು ನಂಬುವುದು

ಮನೆಯ ವೈಫೈನಲ್ಲಿ ಎರಡು ನಕ್ಷೆ ಇಳಿಸಿ. ಒಂದು ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ಚೌಕ. ಅರಸೀಕೆರೆಯಿಂದ ಬೆಳ್ತಂಗಡಿಯವರೆಗೆ ಎಳೆದುಕೊಂಡರೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಬಹುಭಾಗ, ಶಿರಾಡಿ ಮತ್ತು ಚಾರ್ಮಾಡಿ ಘಾಟಿ ಒಳಗೆ ಬರುತ್ತವೆ. ಇದಕ್ಕೆ ಅವಧಿ ಇರುತ್ತದೆ, ಆಗಾಗ ವೈಫೈಗೆ ಸೇರಿಸಿ ಹೊಸದು ಮಾಡಬೇಕು. ಇನ್ನೊಂದು ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್ಮ್‌ಆ್ಯಂಡ್. ಇಡೀ ಕರ್ನಾಟಕ ಸ್ಟೀರಿಯೋದೊಳಗೇ ಕೂರುತ್ತದೆ. ಗೂಗಲ್‌ನಲ್ಲಿ ಭಾಷೆ ಕನ್ನಡಕ್ಕೆ ಬದಲಿಸಿದರೆ ಕನ್ನಡದಲ್ಲೇ ದಾರಿ ಹೇಳುತ್ತದೆ. ಅಪ್ಪನಿಗೆ ಅದು ತುಂಬಾ ಹಿಡಿಸಿದೆ, ತಿರುವು ಹೇಳಿದಾಗೆಲ್ಲ "ಗೊತ್ತು ಕಣಮ್ಮ" ಅನ್ನುತ್ತಾರೆ.

ಊರಿನ ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡಿ. ಇಂಗ್ಲಿಷ್ ಅಕ್ಷರದಲ್ಲಿ ಬೇಲೂರಿಗೂ ಬೆಳ್ಳೂರಿಗೂ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಚೆನ್ನಕೇಶವನನ್ನು ನೋಡಲು ಹೊರಟವರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್‌ನಲ್ಲಿ ಹೈವೇ ಬಿಟ್ಟು ಇಳಿಯುವುದಕ್ಕೆ ಅಷ್ಟು ಸಾಕು. ಕನ್ನಡ ಲಿಪಿಯಲ್ಲಿ ಆ ಗೊಂದಲವೇ ಇಲ್ಲ. ಇನ್ನು ಹೊಸಹಳ್ಳಿಗಳು ತಾಲ್ಲೂಕಿಗೆ ನಾಲ್ಕಿವೆ. ನೆಂಟರ ಮನೆಗೆ ಹೋದಾಗ ಅವರ ಅಂಗಳದಲ್ಲಿ ನಿಂತೇ ಆ ಜಾಗವನ್ನು ಗುರುತು ಹಾಕಿ ಉಳಿಸಿಕೊಳ್ಳಿ. ತೋಟದ ಮನೆಗಳಿಗೆ ವಿಳಾಸ ಅನ್ನುವುದೇ ಇರುವುದಿಲ್ಲ.

ಹೊರಡುವ ಮುನ್ನ ಇಡೀ ದಾರಿಯನ್ನು ಒಮ್ಮೆ ಕಿರಿದು ಮಾಡಿ ನೋಡುವುದು ನನ್ನ ಕಟ್ಟುನಿಟ್ಟು. ಆರು ನಿಮಿಷ ಉಳಿಸಲು ಮುಖ್ಯರಸ್ತೆ ಬಿಟ್ಟು ಒಳಗೆ ನುಗ್ಗಿಸುತ್ತಿದೆ ಅನಿಸಿದರೆ, ನಡುವೆ ಒಂದು ಊರನ್ನು ಸೇರಿಸಿ ಮುಖ್ಯರಸ್ತೆಗೇ ಎಳೆಯಿರಿ. ನಕ್ಷೆಗೆ ರಸ್ತೆ ಒಂದು ಗೆರೆ. ಅದು ಜೀಪು ಮಾತ್ರ ಹತ್ತುವ ಏರೋ, ಎಸ್ಟೇಟಿನ ಖಾಸಗಿ ದಾರಿಯೋ, ಮಳೆಗಾಲದಲ್ಲಿ ಹಳ್ಳ ಹರಿಯುವ ಜಾಗವೋ ಅದಕ್ಕೆ ತಿಳಿಯದು. 800ರ ಹೊಟ್ಟೆ ನೆಲಕ್ಕೆ ಎಷ್ಟು ಹತ್ತಿರ ಅಂತ ಮೊದಲೇ ತಿಳಿಯದು.

ಮಳೆಗಾಲದ ಘಾಟಿಯದ್ದು ಬೇರೆಯೇ ಕಥೆ. 2018ರಲ್ಲಿ ಶಿರಾಡಿ, 2019ರಲ್ಲಿ ಚಾರ್ಮಾಡಿ ಗುಡ್ಡ ಕುಸಿದು ಮುಚ್ಚಿದ್ದು ನೆನಪಿರಬಹುದು. ಆಫ್‌ಲೈನ್ ನಕ್ಷೆಗೆ ಇಂಥ ಸುದ್ದಿ ಮುಟ್ಟುವುದೇ ಇಲ್ಲ. ಸಕಲೇಶಪುರದಲ್ಲಿ ಪೆಟ್ರೋಲ್ ಹಾಕಿಸುವಾಗ ಕೆಳಗಿಂದ ಹತ್ತಿ ಬಂದ ಲಾರಿಯವರನ್ನು ಕೇಳಿ. ಚಾರ್ಮಾಡಿ ಆದರೆ ಕೊಟ್ಟಿಗೆಹಾರದಲ್ಲಿ ಹೇಗೂ ನೀರುದೋಸೆಗೆ ನಿಲ್ಲುತ್ತೀರಿ, ಅಲ್ಲೇ ವಿಚಾರಿಸಿ.

ಕಾಗದಪತ್ರ

ಓಡಿಸುತ್ತಾ ಫೋನ್ ಹಿಡಿದು ಮಾತಾಡಿದರೆ ದಂಡ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಗಮನ ಕೆಡದಂತೆ ದಾರಿ ನೋಡಲು ಮಾತ್ರ ಬಳಸಬಹುದು. ಆದರೂ ಕೈಯಲ್ಲಿ ಹಿಡಿಯಬೇಡಿ, ಊರಿನ ಹೆಸರು ಟೈಪ್ ಮಾಡುವುದು ಗಾಡಿ ನಿಲ್ಲಿಸಿದಾಗ. ಹಳದಿ ಬೋರ್ಡಿನವರು ಒಂದು ಗೊಂದಲ ಮಾಡಿಕೊಳ್ಳುತ್ತಾರೆ: ಅವರಿಗೆ ಕಡ್ಡಾಯವಿರುವ, ತುರ್ತು ಗುಂಡಿಯ ಟ್ರ್ಯಾಕರ್ ಪೆಟ್ಟಿಗೆ ಬೇರೆ, ಇದು ಬೇರೆ. ಇದನ್ನು ಹಾಕಿಸಿದರೆ ಅದರ ಲೆಕ್ಕ ತೀರುವುದಿಲ್ಲ. ಇನ್ಶೂರೆನ್ಸ್ ರಿನ್ಯೂವಲ್ ಮಾಡುವಾಗ ಸ್ಟೀರಿಯೋದ ಬಿಲ್ ತೋರಿಸಿ ಎಲೆಕ್ಟ್ರಿಕಲ್ ಆಕ್ಸೆಸರಿ ಎಂದು ಸೇರಿಸಿ. ಸೇರಿಸದಿದ್ದರೆ ಕಳ್ಳ ಕಿತ್ತುಕೊಂಡು ಹೋದಾಗ ಕೈಗೆ ಏನೂ ಬರುವುದಿಲ್ಲ.

ಆಮೇಲೆ

ಮೊದಲ ವಾರ ದಿನಾ ಬೆಳಗ್ಗೆ ಸ್ಟಾರ್ಟ್ ಮಾಡುವ ಮುನ್ನ ಬ್ಯಾಟರಿಗೆ ಮೀಟರ್ ಹಿಡಿಯಿರಿ. 12.6 ಇದ್ದರೆ ತುಂಬಿದೆ, 12.2ಕ್ಕೆ ಬಂದರೆ ಅರ್ಧ. ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಮಳೆಗಾಲ ಪೂರ್ತಿ ಗಾಡಿ ತೆಗೆಯದೆ ನಿಲ್ಲಿಸುವವರು ಮೈನಸ್ ಬಿಚ್ಚಿಟ್ಟರೆ ಮುಗಿಯಿತು. ಗಡಿಯಾರ ತಪ್ಪಿದರೂ ಉಪಗ್ರಹ ಸಿಕ್ಕ ಕೂಡಲೇ ತಾನೇ ಸರಿಯಾಗುತ್ತದೆ.

ದಸರಾ ಹೊತ್ತಿಗೆ, ಗಾಡಿ ತೊಳೆದು ಪೂಜೆಗೆ ಅಣಿ ಮಾಡುವಾಗ, ಸ್ಟೀರಿಯೋವನ್ನು ಒಮ್ಮೆ ಹೊರಗೆಳೆದು ಹಿಂದಿನ ಗಂಟುಗಳನ್ನು ಟಾರ್ಚ್ ಹಾಕಿ ನೋಡಿ. ಹಸಿರು ಪುಡಿ ಕಂಡರೆ ಆ ಜಾಯಿಂಟನ್ನು ಕತ್ತರಿಸಿ ಹೊಸದಾಗಿ ಮಾಡಿ. ಕಳೆದ ವರ್ಷ ನನಗೆ ಕಂಡಿದ್ದು ಹಸಿರು ಪುಡಿಯಲ್ಲ, ಅರ್ಧ ಕಡಿದ ಆಂಟೆನಾ ತಂತಿ ಮತ್ತು ಹಳೇ ಪೇಪರಿನ ಚೂರಿನಲ್ಲಿ ಮಾಡಿದ ಇಲಿಯ ಗೂಡು. ಈಗ ಎಲ್ಲ ತಂತಿಗೂ ಸುರುಳಿ ಪ್ಲಾಸ್ಟಿಕ್ ತೋಳು ಹಾಕಿದ್ದೇನೆ, ಗಾಡಿಯನ್ನು ಭತ್ತದ ಮೂಟೆಗಳ ಪಕ್ಕ ನಿಲ್ಲಿಸುವುದನ್ನೂ ಬಿಟ್ಟಿದ್ದೇನೆ.